ಮುಂದೇನು ಅಂತ ಮೊದಲೇ ಹೇಳಿದ್ದರೆ

ಸಮನ್ಸ್ ತಂದ ಪೊಲೀಸಿನವರು ಗೇಟಿನ ಹತ್ತಿರವೇ ನಿಂತರು. "ಅಕ್ಕ, ಸಾಕ್ಷಿ ಹೇಳೋಕೆ ಬರ್ಬೇಕು. ಬೆಳಗ್ಗೆ ಹನ್ನೊಂದಕ್ಕೆ ಕೋರ್ಟಿನಲ್ಲಿರಿ. ಬರದಿದ್ರೆ ವಾರಂಟ್ ಆಗುತ್ತೆ" ಅಂದರು. ಸಹಿ ಹಾಕಿಸಿಕೊಂಡು ಹೋದರು. ಅದು 2022ರ ಮಾರ್ಚ್. ನಮ್ಮ ಅತ್ತೆ ತೀರಿಕೊಂಡು ಎರಡೂಮುಕ್ಕಾಲು ವರ್ಷ ಆಗಿತ್ತು.

ಕೋರ್ಟಿನ ಬಗ್ಗೆ ನನಗೆ ಯಾರಾದರೂ ಹೇಳಿದ್ದು ಅಷ್ಟೇ. ಹನ್ನೊಂದು ಗಂಟೆ, ವಾರಂಟ್. ಅಲ್ಲಿ ಎಲ್ಲಿ ಕೂರಬೇಕು, ಯಾರು ಏನು ಕೇಳುತ್ತಾರೆ, ಅವರು ಎಷ್ಟು ದೂರದಲ್ಲಿ ಇರುತ್ತಾರೆ, ಒಂದೂ ಗೊತ್ತಿರಲಿಲ್ಲ. ಕೇಳಬೇಕು ಅನ್ನುವುದೂ ಗೊತ್ತಿರಲಿಲ್ಲ.

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಸೀರೆಗೆ ಫಾಲ್, ಕುಚ್ಚು ಕೂಡ ಮಾಡಿಕೊಡುತ್ತೇನೆ. ಯಾವ ಸ್ಟೇಷನ್, ಯಾವ ಕೋರ್ಟು, ವಕೀಲರು ಯಾರು ಅಂತ ಇಲ್ಲಿ ಬರೆಯುವುದಿಲ್ಲ. ಅವರಲ್ಲಿ ಯಾರೂ ಬೇಕು ಅಂತ ನನಗೆ ನೋವು ಕೊಡಲಿಲ್ಲ. ಆದರೂ ನೋವಾಯಿತು. ಅದು ಹೇಗೆ ಆಯಿತು, ಆಮೇಲೆ ಹೇಗೆ ಕಡಿಮೆ ಆಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ಸಾಕ್ಷಿ ಹೇಳಬೇಕಾದವರು ಯಾರಾದರೂ ಓದಲಿ ಅಂತ.

2019ರ ಜೂನ್. ಸಂಜೆ ಹೊತ್ತು. ಅತ್ತೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು. ಬ್ಲೌಸ್ ಅಳತೆ ಕೊಡಬೇಕು ಅಂತ ಹೇಳಿಕೊಂಡು ಇಬ್ಬರು ಗಂಡಸರು ಬಾಗಿಲಿಗೆ ಬಂದರು. ಆಮೇಲಿನದ್ದು ನನಗೆ ತುಂಡು ತುಂಡಾಗಿ ನೆನಪಿದೆ. ಬಾಯಿಗೆ ತುರುಕಿದ ಚೌಕುಳಿ ಟವೆಲ್. ಕುಕ್ಕರ್ ಎರಡನೇ ಸಾರಿ ಕೂಗಿದ್ದು. ರೊಟ್ಟಿ ತಟ್ಟುವ ಸದ್ದು ನಿಂತದ್ದು. ಅತ್ತೆ ಕೊರಳಲ್ಲಿದ್ದ ಬೋರಮಾಳ ಸರ, ಬೀರುವಿನಲ್ಲಿದ್ದ ಬಳೆ ಎಲ್ಲ ತೆಗೆದುಕೊಂಡು, ಗೋಡೆಯ ಮೊಳೆಗೆ ನೇತು ಹಾಕಿದ್ದ ನನ್ನ ಕೈಚೀಲಕ್ಕೆ ತುಂಬಿಕೊಂಡು ಹೋದರು. ಅತ್ತೆ ತಲೆಗೆ ಕಬ್ಬಿಣದ ರಾಡಿನ ಏಟು ಬಿದ್ದಿತ್ತು. ಮೂರನೇ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ನನ್ನ ಹಣೆಗೆ ಏಳು ಹೊಲಿಗೆ ಬಿದ್ದವು.

ಅದಾದ ಮೇಲೆ ನಮ್ಮ ಮನೆಯಲ್ಲಿ ಚೌಕುಳಿ ಟವೆಲ್ ಇಲ್ಲ. ಕುಕ್ಕರ್ ಕೂಗುವಾಗ ನಾನು ಹೊರಗೆ ಬಂದು ನಿಲ್ಲುತ್ತೇನೆ.

ಒಂದು ತಿಂಗಳಲ್ಲೇ ಆರೋಪಿಗಳು ಸಿಕ್ಕರು. ಜೈಲಿನಲ್ಲಿ ತಹಶೀಲ್ದಾರರ ಮುಂದೆ ಗುರುತು ಪತ್ತೆ ಪರೇಡ್ ಆಯಿತು. ಸಾಲಾಗಿ ನಿಲ್ಲಿಸಿದ್ದವರಲ್ಲಿ ಇಬ್ಬರನ್ನು ತೋರಿಸಿ ಬಂದೆ. ಆಮೇಲೆ ಕೊರೊನಾ ಬಂತು. ಕೋರ್ಟುಗಳು ಮುಚ್ಚಿದವು, ತೆರೆದವು, ಮತ್ತೆ ಮುಚ್ಚಿದವು. ಕೇಸು ಏನಾಯಿತು ಅಂತ ಆ ಎರಡು ವರ್ಷ ಯಾರೂ ಹೇಳಲಿಲ್ಲ. ಆಗಲೇ ಈ ಸಮನ್ಸ್ ಬಂದದ್ದು.

ಮೊದಲನೇ ವಾಯ್ದೆಗೆ ಹೋದರೆ ಜಡ್ಜ್ ರಜೆ. ಎರಡನೆಯದಕ್ಕೆ ಆರೋಪಿಗಳ ಕಡೆ ವಕೀಲರು ಬೇರೆ ಕೋರ್ಟಿನಲ್ಲಿದ್ದರು. ಮೂರನೆಯದಕ್ಕೆ ಜೈಲಿನಿಂದ ಆರೋಪಿಗಳನ್ನೇ ಕರೆತಂದಿರಲಿಲ್ಲ. ಮೂರು ಸಾರಿಯೂ ಸಂಜೆವರೆಗೆ ಕೂತು ವಾಪಸ್ ಬಂದೆ. "ಮುಂದಿನ ವಾಯ್ದೆಗೆ ಬನ್ನಿ" ಅನ್ನುವುದು ಬರೆಯುವವರಿಗೆ ಒಂದು ಸಾಲು. ನನಗೆ ಅದು ಹಿಂದಿನ ಮೂರು ರಾತ್ರಿ ನಿದ್ದೆ ಇಲ್ಲದಿರುವುದು, ಹೊಲಿಯಲು ಕೊಟ್ಟವರ ಬಟ್ಟೆ ಹಾಗೇ ವಾಪಸ್ ಕೊಡುವುದು. ಬೆಳಗ್ಗೆ ಎದ್ದು ಎಲ್ಲವನ್ನೂ ಮನಸ್ಸಿನಲ್ಲಿ ಒಂದು ಸಾರಿ ನೋಡಿಕೊಂಡು ಹೊರಡುವುದು. ಹೇಳದೆ ಹಾಗೇ ಹೊತ್ತು ತರುವುದು. ಹೇಳಿಬಿಟ್ಟಿದ್ದರೆ ಇಳಿಯುತ್ತಿತ್ತು ಅಲ್ವಾ? ಇಳಿಸೋಕೂ ಬಿಡಲಿಲ್ಲ.

ನಾಲ್ಕನೇ ವಾಯ್ದೆ ದಿನ ವರಾಂಡದ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ನಮ್ಮನೆಯವರು. ಮೆಟ್ಟಿಲ ಕಡೆಯಿಂದ ಪೊಲೀಸರು ಇಬ್ಬರನ್ನು ಕೈ ಹಿಡಿದುಕೊಂಡು ಬಂದರು. ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ದಾಟಿಕೊಂಡು ಹೋದರು. ಅದರಲ್ಲೊಬ್ಬ ನನ್ನ ಹಣೆಯ ಗಾಯ ನೋಡಿದ. ಬೆದರಿಸಲಿಲ್ಲ, ಏನೂ ಅನ್ನಲಿಲ್ಲ. ಸುಮ್ನೆ ನೋಡಿದ. ಆಮೇಲೆ ಎದುರಿನ ಬೆಂಚಿನಲ್ಲೇ ಕೂರಿಸಿದರು. ಒಂದೂವರೆ ಗಂಟೆ ಎದುರು ಬದುರು ಕೂತಿದ್ದೆವು. ಎದ್ದು ಬೇರೆ ಕಡೆ ಹೋದರೆ ಹೆಸರು ಕೂಗಿದ್ದು ಕೇಳಿಸದಿದ್ದರೆ ಏನು ಗತಿ ಅಂತ ನಾನು ಕದಲಲಿಲ್ಲ.

ಅಟೆಂಡರ್ ಬಾಗಿಲಿಗೆ ಬಂದು ನನ್ನ ಹೆಸರು, ಗಂಡನ ಹೆಸರು ಸೇರಿಸಿ ಮೂರು ಸಾರಿ ಕೂಗಿದರು. ಒಳಗೆ ಹೋದೆ. ಕಟಕಟೆಯಲ್ಲಿ ನಿಲ್ಲಿಸಿದರು. ಪ್ರಮಾಣ ಮಾಡಿಸಿದರು. ಹೆಸರು, ವಯಸ್ಸು, ಕೆಲಸ ಬರೆದುಕೊಂಡರು. ಚಾರ್ಜ್‌ಶೀಟಿನಲ್ಲಿ ನಾನು ಚಾಸಾ 2, ಅಂದರೆ ಅದರಲ್ಲಿ ಹೆಸರಿರುವ ಎರಡನೇ ಸಾಕ್ಷಿ. ಕಟಕಟೆಗೆ ಹತ್ತಿದ ಮೇಲೆ ಪ್ರಾಸಾ 2, ಅಂದರೆ ಪ್ರಾಸಿಕ್ಯೂಷನ್ ಕಡೆಯ ಎರಡನೇ ಸಾಕ್ಷಿ.

ಸರ್ಕಾರಿ ವಕೀಲರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ನಾನು ಹೇಳಿದ್ದನ್ನು ಜಡ್ಜ್ ಸಾಹೇಬರು ಟೈಪಿಸ್ಟಿಗೆ ತಮ್ಮ ಮಾತಿನಲ್ಲಿ ಹೇಳಿ ಬರೆಸುತ್ತಿದ್ದರು. ಹಾಗಾಗಿ ಒಂದೊಂದನ್ನೂ ನಾನು ಎರಡೆರಡು ಸಾರಿ ಕೇಳಬೇಕಾಯಿತು. ಒಮ್ಮೆ ನನ್ನ ಬಾಯಿಂದ, ಒಮ್ಮೆ ಅವರ ಬಾಯಿಂದ. ಅಲ್ಲಿಯವರೆಗೆ ತಡೆದುಕೊಂಡಿದ್ದೆ.

ಆಮೇಲೆ ಸರ್ಕಾರಿ ವಕೀಲರು "ಮುದ್ದೆಮಾಲು ಕೊಡಿ" ಅಂದರು. ಮುದ್ದೆಮಾಲು ಅಂದರೆ ಕೇಸಿನಲ್ಲಿ ಪೊಲೀಸರು ವಶ ಮಾಡಿಕೊಂಡ ಸಾಮಾನು. ಆ ಪದವೇ ನಾನು ಮೊದಲು ಕೇಳಿದ್ದು ಅವತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದು ಅರಗಿನ ಸೀಲು ಹಾಕಿದ ಗಂಟುಗಳು ಬಂದವು. ಹೊಲಿಗೆ ನನ್ನ ಕಣ್ಣಿಗೆ ಬೀಳದೆ ಇರುವುದಿಲ್ಲ. ದಪ್ಪ ದಾರ, ಅವಸರದ ಹೊಲಿಗೆ. ಒಬ್ಬರು ಬ್ಲೇಡಿನಿಂದ ಅದನ್ನು ಸರ್ರನೆ ಸೀಳಿದರು. ಮೊದಲು ಬಂದದ್ದು ವಾಸನೆ. ಮೂರು ವರ್ಷ ಮುಚ್ಚಿಟ್ಟ ಬಟ್ಟೆಯ ವಾಸನೆ. ಆಮೇಲೆ ಅತ್ತೆಯ ಹಸಿರು ಸೀರೆ. ಅದರ ಮೇಲಿನ ಕಲೆ ಕಂದು ಬಣ್ಣಕ್ಕೆ ತಿರುಗಿ, ಬಟ್ಟೆ ಅಲ್ಲಿ ರಟ್ಟಿನ ಹಾಗೆ ಗಟ್ಟಿಯಾಗಿತ್ತು. ಅದರ ಪಕ್ಕಕ್ಕೆ ಆ ಟವೆಲ್ ಇಟ್ಟರು. "ಇದನ್ನು ಗುರುತಿಸುತ್ತೀರಾ?" ಅಂದರು.

ಆಮೇಲಿನದ್ದು ನಮ್ಮನೆಯವರು ಹೇಳಿ ನನಗೆ ಗೊತ್ತು. ಬಾಯಿ ತೆರೆದೆನಂತೆ, ಉಸಿರು ಬರಲಿಲ್ಲವಂತೆ. ಕಟಕಟೆಯ ಕಂಬಿ ಹಿಡಿದುಕೊಂಡೇ ಕುಸಿದೆನಂತೆ. ಎಚ್ಚರವಾದಾಗ ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ಮುಖಕ್ಕೆ ನೀರು ಹಾಕಿ ಒರೆಸಲು ಬಟ್ಟೆ ತಂದರು. ಅದನ್ನು ಕಂಡು ನಾನು ಮತ್ತೆ ಕಿರುಚಿದೆ. ಪಾಪ, ಅವರಿಗೇನು ಗೊತ್ತು.

ಜಡ್ಜ್ ಸಾಹೇಬರು ಕೆಟ್ಟವರಲ್ಲ. ನೀರು ಕೊಡಿಸಿದರು, ಕೂರಲು ಕುರ್ಚಿ ಹಾಕಿಸಿದರು, ಇವತ್ತು ಸಾಕು ಅಂತ ಮುಂದೂಡಿದರು. ಆದರೆ ಗಂಟು ಬಿಚ್ಚುವ ಮೊದಲು ಯಾರಾದರೂ "ನೋಡಮ್ಮ, ಈಗ ಇಂಥಿಂಥ ಸಾಮಾನು ತೋರಿಸುತ್ತೇವೆ" ಅಂದಿದ್ದರೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.

ಆ ವಾರವೆಲ್ಲ ನಾನು ಮೆಷಿನ್ ಮುಟ್ಟಲಿಲ್ಲ. ಇನ್ನು ಕೋರ್ಟಿಗೆ ಹೋಗಲ್ಲ, ವಾರಂಟ್ ಆದರೆ ಆಗಲಿ ಅಂದೆ. ನನ್ನ ನಾದಿನಿ ಆಶಾ ಕಾರ್ಯಕರ್ತೆ. ಅವಳು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. "ಅತ್ತಿಗೆ, ಮೊದ್ಲು ಡಾಕ್ಟರ್ ಹತ್ರ ಹೋಗಣ. ಆಮೇಲೆ ಕೋರ್ಟಿನ ಮಾತು" ಅಂತ ಚಿಗಟೇರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದುಕೊಂಡು ಹೋದಳು. ಹಣೆಗೆ ಹೊಲಿಗೆ ಹಾಕಿಸಿಕೊಂಡ ನಾನು ಮನಸ್ಸಿಗೆ ಪೆಟ್ಟು ಬಿದ್ದಿದೆ ಅಂತ ಮೂರು ವರ್ಷ ಎಲ್ಲೂ ತೋರಿಸಿಕೊಂಡಿರಲಿಲ್ಲ.

ಡಾಕ್ಟರಮ್ಮ ಹೇಳಿದ ಒಂದು ಮಾತು ನನಗೆ ದೊಡ್ಡ ಧೈರ್ಯ ಕೊಟ್ಟಿತು. ಯಾರು ಮೊದಲು ಒಳಗೆ ಬಂದರು, ಯಾರು ಯಾವಾಗ ಹೊಡೆದರು ಅನ್ನುವುದು ನನಗೆ ಸಾಲಾಗಿ ನೆನಪಿಲ್ಲ. ಕುಕ್ಕರ್ ಸದ್ದು ಮಾತ್ರ ಈಗ ಕೂಗಿದ ಹಾಗೆ ನೆನಪಿದೆ. ನಾನು ಸುಳ್ಳಿ ಅನ್ನಿಸಿಕೊಳ್ಳುತ್ತೇನೆ ಅಂತ ಹೆದರಿದ್ದೆ. ಅವರು ಹೇಳಿದರು: ಪ್ರಾಣಭಯದಲ್ಲಿ ಮಿದುಳು ಕೆಲವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಅವನ್ನು ಸಾಲಾಗಿ ಪೋಣಿಸಿ ಇಡುವುದಿಲ್ಲ. ಆ ಕೆಲವಕ್ಕೆ ಸಂಬಂಧಪಟ್ಟ ವಾಸನೆ, ಸದ್ದು ಮತ್ತೆ ಎದುರಾದರೆ ಮೈ ಅದು ಈಗಲೇ ಆಗುತ್ತಿದೆ ಅಂತ ತಿಳಿಯುತ್ತದೆ. ಮೊದಲೇ ಗೊತ್ತಿದ್ದರೆ, ಈಗ ಬರುತ್ತೆ, ಆಮೇಲೆ ಹೋಗುತ್ತೆ ಅಂತ ತಿಳಿದಿದ್ದರೆ, ತಡೆದುಕೊಳ್ಳುವ ಶಕ್ತಿ ಬರುತ್ತದೆ. ಮಾತ್ರೆ ಕೊಟ್ಟರು. ಆಪ್ತ ಸಮಾಲೋಚಕರ ಹತ್ತಿರ ಕಳಿಸಿದರು. ಕೈಯಲ್ಲಿ ಏನಾದರೂ ಗಟ್ಟಿ ವಸ್ತು ಹಿಡಿದುಕೊಂಡು, ಅದರ ಅಂಚು ಸವರುತ್ತಾ, ಕಾಲನ್ನು ನೆಲಕ್ಕೆ ಒತ್ತಿ ನಿಲ್ಲುವುದನ್ನು ಅವರು ಕಲಿಸಿದರು. ನಾನು ನನ್ನ ಗುಂಡಿ ಡಬ್ಬಿಯಿಂದ ಒಂದು ದೊಡ್ಡ ಕೋಟಿನ ಗುಂಡಿ ಆರಿಸಿಕೊಂಡೆ.

ಈಗ ಆಸ್ಪತ್ರೆಗೆ ಹೋಗಲು ಆಗದವರು ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಿ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ನಾನು ಹೋಗುವಾಗ ಅದಿನ್ನೂ ಇರಲಿಲ್ಲ.

ಆಮೇಲೆ ನಾದಿನಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋದಳು. ನಮ್ಮಂಥವರಿಗೆ ಅಲ್ಲಿ ಏನು ಕೆಲಸ ಅಂದುಕೊಂಡಿದ್ದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡಬೇಕು ಅಂತ 1987ರ ಕಾನೂನೇ ಇದೆಯಂತೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನಮಗೆ ಸಿಕ್ಕಿದವರು ಒಬ್ಬ ವಕೀಲೆ. ಚಿಕ್ಕ ವಯಸ್ಸು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, "ಅಮ್ಮಾ, ಇದನ್ನ ಕೇಳೋ ಹಕ್ಕು ನಿಮಗಿದೆ" ಅಂದರು.

ಮಕ್ಕಳ ವಿಷಯದಲ್ಲಿ ಇದು ಮೊದಲೇ ಬಂದಿತ್ತಂತೆ. 2004ರಲ್ಲೇ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗೆ ಆರೋಪಿ ಕಾಣದ ಹಾಗೆ ಪರದೆ ಹಾಕಿ, ಪಾಟೀ ಸವಾಲಿನ, ಅಂದರೆ ಎದುರು ಕಡೆ ವಕೀಲರು ಕೇಳುವ, ಪ್ರಶ್ನೆಗಳನ್ನು ಬರೆದು ಜಡ್ಜ್ ಕೈಗೆ ಕೊಡಿ, ಅವರು ಕೇಳಲಿ, ನಡುನಡುವೆ ಬಿಡುವು ಕೊಡಿ ಅಂತ ಹೇಳಿತ್ತು. 2012ರ ಪೋಕ್ಸೊ ಕಾಯ್ದೆಯ 33 ಮತ್ತು 36ನೇ ಕಲಂಗಳು ಅದನ್ನೇ ಕಾನೂನು ಮಾಡಿದವು. ಮಗುವನ್ನು ಮತ್ತೆ ಮತ್ತೆ ಕರೆಸಬಾರದು, ಜೋರು ಮಾಡಿ ಕೇಳಬಾರದು ಅನ್ನುವುದು ಅದರಲ್ಲಿದೆ. 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಸಾಕ್ಷಿಗಳಿಗೆ ಬೇರೆಯೇ ಕೇಂದ್ರಗಳನ್ನು ಮಾಡಿ ಅಂತ ಹೈಕೋರ್ಟುಗಳಿಗೆ ಹೇಳಿತು.

"ಅದು ಮಕ್ಕಳಿಗೆ. ನನಗೆ ನಲವತ್ತೊಂದು ವರ್ಷ" ಅಂದೆ.

ಆಗ ಅವರು ತೋರಿಸಿದ್ದು 2022ರ ಜನವರಿ 11ರ ಆದೇಶ. ನನಗೆ ಸಮನ್ಸ್ ಬರುವುದಕ್ಕೆ ಎರಡು ತಿಂಗಳ ಮುಂಚಿನದು. ಅದರಲ್ಲಿ ಸುಪ್ರೀಂ ಕೋರ್ಟು ವಲ್ನರಬಲ್ ವಿಟ್ನೆಸ್, ಅಂದರೆ ಸುಲಭವಾಗಿ ನೋವಿಗೆ ಒಳಗಾಗುವ ಸಾಕ್ಷಿ, ಯಾರು ಅನ್ನುವುದನ್ನು ದೊಡ್ಡದು ಮಾಡಿತು. ಮಕ್ಕಳಷ್ಟೇ ಅಲ್ಲ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಯಾರೇ ಆಗಲಿ, ಮಾನಸಿಕ ಕಾಯಿಲೆ ಇರುವವರು, ಬೆದರಿಕೆ ಇರುವ ಸಾಕ್ಷಿಗಳು, ಮಾತು ಬಾರದವರು, ಕಿವಿ ಕೇಳದವರು. ಬೇರೆ ನ್ಯೂನತೆ ಇದ್ದು ಕೋರ್ಟಿಗೆ ಹಾಗೆ ಅನ್ನಿಸಿದ ಸಾಕ್ಷಿಗಳೂ ಸರಿ. ಎಲ್ಲಾ ಜಿಲ್ಲೆಗಳಲ್ಲೂ ಇಂಥ ಸಾಕ್ಷಿಗಳಿಗೆ ಕೇಂದ್ರ ಆಗಬೇಕು ಅಂತ, ಅದನ್ನು ನೋಡಿಕೊಳ್ಳಲು ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರ ಸಮಿತಿಯನ್ನೂ ಮಾಡಿದೆ. "ಈ ಪಟ್ಟಿಯಲ್ಲಿ ನೀವಿದೀರಿ" ಅಂದರು ಆ ಹುಡುಗಿ. ಬೆರಳಿಟ್ಟು ತೋರಿಸಿದರು.

ಇನ್ನೊಂದು ವಿಷಯವೂ ಅವರಿಂದಲೇ ತಿಳಿದದ್ದು. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಅನ್ನುವುದು ವಾಯ್ದೆ ಮುಂದೂಡಲು ಕಾರಣವೇ ಅಲ್ಲ ಅಂತ ಹಳೇ ಕಾನೂನಿನ, ಅಂದರೆ ಸಿಆರ್‌ಪಿಸಿಯ, 309ನೇ ಕಲಮಿನಲ್ಲೇ ಬರೆದಿತ್ತಂತೆ. ನನಗೆ ಆ ಎರಡನೇ ವಾಯ್ದೆ ನೆನಪಾಯಿತು. ಬಿಸಿಲಲ್ಲಿ ಬಸ್ಸಿಗೆ ಕಾದು ಮನೆಗೆ ಬಂದದ್ದು ನೆನಪಾಯಿತು.

ಅರ್ಜಿ ಸರ್ಕಾರಿ ವಕೀಲರ ಮೂಲಕ ಹೋಯಿತು. ಜೊತೆಗೆ ಡಾಕ್ಟರ ಚೀಟಿ. ಕೇಳಿದ್ದು ಹೆಚ್ಚೇನಲ್ಲ. ಕಾಯುವಾಗ ಬೇರೆ ಕೋಣೆಯಲ್ಲಿ ಕೂರಿಸಬೇಕು. ಹೇಳಿಕೆ ಕೊಡುವಾಗ ಪರದೆ ಇರಬೇಕು. ನಾದಿನಿ ಪಕ್ಕದಲ್ಲಿರಬೇಕು, ಮಾತಾಡದೆ. ಕೈ ಎತ್ತಿದರೆ ಐದು ನಿಮಿಷ ಬಿಡುವು. ಮತ್ತೆ ಮುದ್ದೆಮಾಲು ಬಿಚ್ಚುವ ಮೊದಲು ಏನು ಬಿಚ್ಚುತ್ತಿದ್ದಾರೆ ಅಂತ ಹೇಳಬೇಕು. ಆ ಕೊನೆಯದನ್ನು ಬರೆಸಿದ್ದು ನಾನೇ.

ಆರೋಪಿಗಳ ವಕೀಲರು ತಕರಾರು ತೆಗೆದರು. ಸಾಕ್ಷಿಯ ಮುಖ ನೋಡಿ ಪ್ರಶ್ನೆ ಕೇಳುವುದು ನಮ್ಮ ಹಕ್ಕು ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಯಾರನ್ನಾದರೂ ಜನ್ಮವಿಡೀ ಜೈಲಿಗೆ ಹಾಕುವ ಮೊದಲು ಅವನ ಪರವಾಗಿ ಕೇಳಬೇಕಾದ್ದನ್ನೆಲ್ಲ ಕೇಳಲೇಬೇಕು. ಜಡ್ಜ್ ಸಾಹೇಬರು ಪರದೆಯನ್ನು ನನಗೂ ಆರೋಪಿಗಳಿಗೂ ನಡುವೆ ಮಾತ್ರ ಹಾಕಲು ಹೇಳಿದರು. ವಕೀಲರಿಗೆ ನನ್ನ ಮುಖ ಕಾಣಬೇಕು, ಆರೋಪಿಗಳಿಗೆ ನನ್ನ ಮಾತು ಕೇಳಬೇಕು. ಅರ್ಜಿ ಮಂಜೂರಾಯಿತು.

ಹಿಂದಿನ ದಿನ ಸಂಜೆ ಸರ್ಕಾರಿ ವಕೀಲರು ಬರಹೇಳಿದರು. ಪೊಲೀಸರ ಮುಂದೆ ನಾನು ಕೊಟ್ಟ ಹೇಳಿಕೆಯನ್ನು ಓದಿ ಹೇಳಿದರು. "ಸದರಿ ಆಸಾಮಿಯು ನನ್ನ ಬಾಯಿಗೆ ಟವೆಲ್ ತುರುಕಿ" ಅಂತ ಇತ್ತು. ಸದರಿ, ಆಸಾಮಿ ಅನ್ನುವ ಪದ ನನ್ನ ಬಾಯಲ್ಲಿ ಯಾವತ್ತೂ ಬಂದಿಲ್ಲ. ಅವರು ಅಂದರು: "ಏನು ಹೇಳ್ಬೇಕು ಅಂತ ನಾನು ಹೇಳಲ್ಲಮ್ಮ. ಹೇಳಬಾರದು ಕೂಡ. ನಿಮಗೆ ನೆನಪಿರೋದು ಹೇಳಿ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಿ. ನಾಳೆ ಏನೇನು ನಡಿಯುತ್ತೆ ಅನ್ನೋದು ಮಾತ್ರ ಹೇಳ್ತೀನಿ."

ಹಾಗೇ ಹೇಳಿದರು. ಮೊದಲು ಮುಖ್ಯ ವಿಚಾರಣೆ, ಆಮೇಲೆ ಪಾಟೀ ಸವಾಲು. ಪಾಟೀ ಸವಾಲಿನಲ್ಲಿ ಅವರು ನಿಮ್ಮ ಬಾಯಿಗೆ ಕೆಲವು ಮಾತು ಇಡುತ್ತಾರೆ. ನಿಮ್ಮ ಮೇಲೆ ಬರುವ ಮಾತು. ಸಿಟ್ಟು ಬರುತ್ತೆ, ಅಳು ಬರುತ್ತೆ. ಅದು ಪ್ರಶ್ನೆ ಅಷ್ಟೇ, ತೀರ್ಪಲ್ಲ. ಸರಿಯಲ್ಲದಿದ್ದರೆ ಸರಿಯಲ್ಲ ಅನ್ನಿ, ಸಾಕು. "ನಿಮಗೂ ಅತ್ತೆಗೂ ಆಗ್ತಿರಲಿಲ್ಲ ಅಂತಾನೂ ಕೇಳಬಹುದು" ಅಂದರು. ನಾನು ಅಲ್ಲೇ ಅತ್ತುಬಿಟ್ಟೆ. ಅಳುವುದು ಅಲ್ಲೇ ಮುಗಿದದ್ದು ಒಳ್ಳೆಯದಾಯಿತು.

ಆಮೇಲೆ ಖಾಲಿ ಕೋರ್ಟ್ ಹಾಲ್ ತೋರಿಸಿದರು. ಫ್ಯಾನ್ ನಿಂತಿತ್ತು. ಮೇಜಿನ ಮೇಲೆ ಫೈಲುಗಳ ರಾಶಿ. ಕಟಕಟೆಗೆ ಹತ್ತಿ ನಿಂತೆ. ಕಂಬಿ ಮುಟ್ಟಿ ನೋಡಿದೆ. ಮರದ ಕಂಬಿ, ಎಷ್ಟೋ ಜನರ ಕೈ ತಾಗಿ ಎಣ್ಣೆ ಹಚ್ಚಿದ ಹಾಗೆ ನುಣ್ಣಗಾಗಿತ್ತು. ಅಷ್ಟು ಚಿಕ್ಕ ಜಾಗ ಅದು. ಮೊದಲ ಸಾರಿ ನನಗೆ ಅದು ಬಾವಿಯಂತೆ ಕಂಡಿತ್ತು.

ಮಾರನೆಯ ದಿನ ದಾಖಲೆಗಳ ಕೋಣೆಯಲ್ಲಿ ಕೂರಿಸಿದರು. ಕುರ್ಚಿ ಒಂದೇ ಇತ್ತು. ನಾದಿನಿ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತಳು. ದೊಡ್ಡ ಸೌಕರ್ಯವೇನೂ ಅಲ್ಲ. ಆದರೆ ಆ ಬಾಗಿಲು ಮುಚ್ಚಿತ್ತು, ಎದುರಿಗೆ ಯಾರೂ ಇರಲಿಲ್ಲ. ಮಹಿಳಾ ಕಾನ್‌ಸ್ಟೇಬಲ್ ಬಂದು ಮೆತ್ತಗೆ "ಬನ್ನಿ ಅಕ್ಕ" ಅಂತ ಕರೆದರು. ಮೂರು ಸಾರಿ ಕೂಗಲಿಲ್ಲ.

ಪರದೆ ಆಸ್ಪತ್ರೆಯಲ್ಲಿ ಇರುತ್ತದಲ್ಲ, ಅಂಥದು. ಹಸಿರು ಬಟ್ಟೆ, ಕಂಬಿಯ ಚೌಕಟ್ಟು. ಕೆಳಗಿನ ಅಂಚು ಒಂದು ಕಡೆ ಹೊಲಿಗೆ ಬಿಟ್ಟು ಜೋತಾಡುತ್ತಿತ್ತು. ಮಾತು ತಡೆದಾಗಲೆಲ್ಲ ನಾನು ಆ ಅಂಚನ್ನೇ ನೋಡುತ್ತಿದ್ದೆ. ಎಷ್ಟು ಅಳತೆಯ ದಾರ ಬೇಕಾಗುತ್ತೆ ಅಂತ ಲೆಕ್ಕ ಹಾಕುತ್ತಿದ್ದೆ. ಕೈಯಲ್ಲಿ ಗುಂಡಿ.

ಗುರುತಿಸುವ ಹೊತ್ತಿಗೆ ಜಡ್ಜ್ ಸಾಹೇಬರೇ ಹೇಳಿದರು: "ಈಗ ಪರದೆ ಸರಿಸ್ತೀವಿ. ಒಂದು ಸಾರಿ ನೋಡಿ ಹೇಳಿದ್ರೆ ಸಾಕು. ಮತ್ತೆ ಹಾಕ್ತೀವಿ." ಸರಿಸಿದರು. ನೋಡಿದೆ. ಕೈ ಮಾಡಿ ತೋರಿಸಿದೆ. ಮತ್ತೆ ಹಾಕಿದರು. ನಾಲ್ಕೈದು ಉಸಿರು ಎಳೆಯುವಷ್ಟರಲ್ಲಿ ಮುಗಿಯಿತು.

ಆಮೇಲೆ ಮುದ್ದೆಮಾಲು. "ಮೊದಲು ಸೀರೆ, ಟವೆಲ್. ಕವರಿನಿಂದ ಅಂಚು ಮಾತ್ರ ತೋರಿಸ್ತಾರೆ. ಆಮೇಲೆ ಸರ, ಕೊನೆಗೆ ಚೀಲ" ಅಂದರು. ಸೀರೆಯ ಅಂಚು ಕಂಡಿತು. ಎದೆ ಹೊಡೆದುಕೊಂಡಿತು. ಗುಂಡಿಯ ಅಂಚು ಸವರಿದೆ. ಅತ್ತೆಯದು ಅಂದೆ. ಟವೆಲ್ ಗುರುತಿಸಿದೆ. ಕೈ ಎತ್ತಿದೆ. ಐದು ನಿಮಿಷ ಬಿಟ್ಟರು. ಮತ್ತೆ ಬಂದು ಸರ ಗುರುತಿಸಿದೆ.

ಕೊನೆಗೆ ಚೀಲ. ಹಿಂದಿನ ಸಾರಿ ಚೀಲದವರೆಗೆ ಹೋಗುವುದೇ ಆಗಿರಲಿಲ್ಲ. ಅದು ಒಬ್ಬ ಆರೋಪಿಯ ಮನೆಯಲ್ಲಿ ಪೊಲೀಸರಿಗೆ ಸಿಕ್ಕಿದ್ದು, ಸರ ಅದರೊಳಗೇ ಇತ್ತು. ಬ್ಲೌಸ್ ಕತ್ತರಿಸಿ ಉಳಿದ ಚೂರುಗಳನ್ನು ಜೋಡಿಸಿ ಹೊಲಿದ ಚೀಲ. "ನಿಮ್ಮದೇ ಅಂತ ಹೇಗೆ ಹೇಳ್ತೀರಿ?" ಅಂತ ಕೇಳಿದರು. ಕೈಗೆ ಕೊಡಿ ಅಂದೆ. ಒಳಗಡೆ ತಿರುಗಿಸಿದೆ. ಹಿಡಿಕೆಯ ಬುಡದಲ್ಲಿ ಹಸಿರು ದಾರ ಮುಗಿದಿತ್ತು ಅಂತ ನಾಲ್ಕು ಬೆರಳಿನಷ್ಟು ನೀಲಿ ದಾರದಲ್ಲಿ ಹೊಲಿದಿದ್ದೆ. ಆ ದಿನ ಅಂಗಡಿಗೆ ಹೋಗಲು ಸೋಮಾರಿತನ ಮಾಡಿದ್ದೆ, ಅತ್ತೆ "ಇರೋದ್ರಲ್ಲೇ ಹೊಲಿ, ಒಳಗೆ ಯಾರು ನೋಡ್ತಾರೆ" ಅಂದಿದ್ದರು. ಆ ನೀಲಿ ಹೊಲಿಗೆಯನ್ನು ಜಡ್ಜ್ ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಟೈಪಿಸ್ಟಿಗೆ ಹೇಳಿ ಬರೆಸಿದರು.

ಈ ದಾರದ ಮಾತು ನನಗೆ ಮೊದಲ ಸಾರಿಯೂ ಗೊತ್ತಿತ್ತು. ಬಾಯಿಗೆ ಬರುವ ಮೊದಲೇ ನಾನು ಬಿದ್ದುಬಿಟ್ಟಿದ್ದೆ. ಸಾಕ್ಷಿಗೆ ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೆ ಕೇಸು ಮೆತ್ತಗಾಗುತ್ತದೆ ಅನ್ನುವವರಿಗೆ ನಾನು ಈ ಚೀಲದ ವಿಷಯವನ್ನೇ ಹೇಳುವುದು.

ಪಾಟೀ ಸವಾಲು ಒಂದೂಕಾಲು ಗಂಟೆ ನಡೆಯಿತು. ನೀಲಿ ದಾರದ ವಿಷಯ ಪೊಲೀಸರ ಮುಂದೆ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಅವರು ಕೇಳಲಿಲ್ಲ ಅಂದೆ. ಇಂಥ ಚೀಲ ಯಾರು ಬೇಕಾದರೂ ಹೊಲಿಯಬಹುದಲ್ಲ ಅಂದರು. ಹೊಲಿಯಬಹುದು, ಆ ಚೂರುಗಳ ಬ್ಲೌಸುಗಳು ಯಾರ್ಯಾರವು ಅಂತ ನಾನು ಹೇಳಬಲ್ಲೆ ಅಂದೆ. ಯಾರು ಮೊದಲು ಒಳಗೆ ಬಂದರು ಅಂದಾಗ ನೆನಪಿಲ್ಲ ಅಂದೆ. ಅದನ್ನು ಹೇಳಲು ಅವತ್ತು ಹೆದರಿಕೆ ಆಗಲಿಲ್ಲ.

ಆಮೇಲೆ ಆ ಮಾತು ಬಂದೇ ಬಂತು. ನಿಮಗೂ ನಿಮ್ಮ ಅತ್ತೆಗೂ ಜಗಳ ಇತ್ತು, ನೂಕಾಟದಲ್ಲಿ ಅವರು ಬಿದ್ದು ಪೆಟ್ಟಾಯಿತು, ಅದನ್ನು ಮುಚ್ಚಲು ಈ ಕಥೆ ಕಟ್ಟಿದ್ದೀರಿ. ನನ್ನ ಕಾಲು ನಡುಗಿದವು. ಆದರೆ ಹಿಂದಿನ ಸಂಜೆ ಒಂದು ಸಾರಿ ಕೇಳಿದ್ದೆನಲ್ಲ. ಮೊದಲ ಸಾರಿ ಕೇಳಿದ್ದರೆ ಏನಾಗುತ್ತಿದ್ದೆನೋ ಗೊತ್ತಿಲ್ಲ. "ಸರಿಯಲ್ಲ" ಅಂದೆ. ಧ್ವನಿ ದೊಡ್ಡದಾಗಿಯೇ ಬಂತು. ವಕೀಲರು ಅದೇ ಧಾಟಿಯಲ್ಲಿ ಇನ್ನೂ ಕೆದಕಿ ಕೇಳಲು ಹೊರಟಾಗ ಜಡ್ಜ್ ಸಾಹೇಬರು ಸಾಕು ಅಂದರು. ಅವಮಾನ ಮಾಡುವುದಕ್ಕೇ ಕೇಳುವ ಪ್ರಶ್ನೆಯನ್ನು ಕೋರ್ಟು ತಡೆಯಬೇಕು ಅಂತ ಸಾಕ್ಷ್ಯ ಕಾಯ್ದೆಯಲ್ಲಿ ಇಂಗ್ಲಿಷರ ಕಾಲದಿಂದ, 1872ರಿಂದಲೇ ಇತ್ತು ಅಂತ ಆಮೇಲೆ ನಮ್ಮ ವಕೀಲೆ ಹೇಳಿದರು. ಈಗಿನ ಹೊಸ ಕಾಯ್ದೆಯಲ್ಲೂ ಇದೆಯಂತೆ.

ಕೊನೆಗೆ ಎಲ್ಲವನ್ನೂ ಓದಿ ಹೇಳಿದರು. ಕಾಗದದ ತುಂಬ "ಎಂದರೆ ಸರಿಯಲ್ಲ", "ಎಂದರೆ ಸರಿಯಲ್ಲ". ಕಟ್ಟಕಡೆಯ ಸಾಲು: ಸರ್ಕಾರಿ ವಕೀಲರು ಹೇಳಿಕೊಟ್ಟಂತೆ ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ. ಈ ಸಾಲು ಎಲ್ಲಾ ಸಾಕ್ಷಿಗಳ ಹೇಳಿಕೆಯಲ್ಲೂ ಇರುತ್ತದಂತೆ. ಸಹಿ ಹಾಕಿದೆ. ಹೊರಗೆ ಬಂದಾಗ ಎರಡು ಗಂಟೆ ದಾಟಿತ್ತು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ನಾದಿನಿ ಬೆಣ್ಣೆದೋಸೆ ತಿನ್ನಿಸಿದಳು. ಎರಡು ತಿಂದೆ.

2023ರಲ್ಲಿ ತೀರ್ಪು ಬಂತು. ಶಿಕ್ಷೆಯಾಯಿತು. ಅವರು ಮೇಲ್ಮನವಿ ಹಾಕಿದ್ದಾರೆ. ಅದು ಅವರ ಹಕ್ಕು. ನನಗೆ ಕುಕ್ಕರ್ ಸದ್ದು ಈಗಲೂ ಆಗುವುದಿಲ್ಲ. ಕೋರ್ಟು ಅದನ್ನು ವಾಸಿ ಮಾಡಲಿ ಅಂತ ನಾನು ಕೇಳುವುದೂ ಇಲ್ಲ. ಇನ್ನಷ್ಟು ಜಾಸ್ತಿ ಮಾಡಬೇಡಿ ಅಂತ ಮಾತ್ರ ಕೇಳುತ್ತೇನೆ. ನಮ್ಮ ಮನೆಗೆ ಬಂದವರು ಹೇಳಿ ಬರಲಿಲ್ಲ. ಹೇಳದೇ ಏನಾದರೂ ಆಗುವುದೇ ನನಗೆ ಈಗ ಎಲ್ಲಕ್ಕಿಂತ ದೊಡ್ಡ ಭಯ. ಕೋರ್ಟಿನಲ್ಲೂ ಎಲ್ಲವೂ ಹೇಳದೇ ಆಗುತ್ತದೆ. ಹೇಳಲು ದುಡ್ಡು ಬೇಡ, ಕಟ್ಟಡ ಬೇಡ.

2024ರ ಜುಲೈ 1ರಿಂದ ಸಿಆರ್‌ಪಿಸಿಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ನುವ ಹೊಸ ಕಾನೂನು ಬಂದಿದೆ. ತನಿಖೆ ಎಲ್ಲಿಗೆ ಬಂತು ಅಂತ ತೊಂಬತ್ತು ದಿನದೊಳಗೆ ನೊಂದವರಿಗೆ ತಿಳಿಸಬೇಕು ಅಂತ ಅದರಲ್ಲಿದೆ. ಪ್ರತಿ ರಾಜ್ಯವೂ ಸಾಕ್ಷಿಗಳ ರಕ್ಷಣೆಗೆ ಯೋಜನೆ ಮಾಡಬೇಕು ಅಂತ 398ನೇ ಕಲಂ ಹೇಳುತ್ತದೆ. ಒಳ್ಳೆಯದು. ಆದರೆ ಸಮನ್ಸ್ ಕೊಡುವಾಗ ಅದರ ಜೊತೆ ಒಂದು ಹಾಳೆ ಕೊಡಿ ಅಂತ ನನ್ನ ಆಸೆ. ಕನ್ನಡದಲ್ಲಿ, ಸದರಿ, ಆಸಾಮಿ ಇಲ್ಲದ ಕನ್ನಡದಲ್ಲಿ. ನೀವು ಎಲ್ಲಿ ಕೂರಬಹುದು, ಯಾರನ್ನು ಜೊತೆಗೆ ತರಬಹುದು, ಹೆದರಿಕೆ ಇದ್ದರೆ ಯಾರಿಗೆ ಹೇಳಬೇಕು, ಬಿಡುವು ಕೇಳಬಹುದು, ನೆನಪಿಲ್ಲ ಅನ್ನಬಹುದು. ಇಷ್ಟೇ.

ಹೋದ ತಿಂಗಳು ನಮ್ಮ ಓಣಿಯ ಒಬ್ಬ ಹುಡುಗಿಗೆ ಸಮನ್ಸ್ ಬಂತು. ಅವಳ ಕೇಸು ಬೇರೆ, ಅದನ್ನು ನಾನು ಹೇಳಬಾರದು. ಬ್ಲೌಸ್ ಕೊಡುವ ನೆಪದಲ್ಲಿ ಬಂದು, ಮೆಷಿನ್ ಪಕ್ಕ ಕೂತು, "ಆಂಟಿ, ಅಲ್ಲಿ ಹೇಗಿರುತ್ತೆ?" ಅಂದಳು. ವಾಯ್ದೆಯ ಹಿಂದಿನ ದಿನ ಸಂಜೆ ಕೇಳಿಕೊಂಡು, ಖಾಲಿ ಹಾಲಿಗೆ ಅವಳನ್ನು ಕರೆದುಕೊಂಡು ಹೋದೆ. ಇಲ್ಲಿ ಜಡ್ಜ್ ಕೂರುತ್ತಾರೆ. ಇದು ಟೈಪ್ ಮಾಡುವವರ ಜಾಗ. ಇಲ್ಲಿ ನೀನು ನಿಲ್ಲುತ್ತೀಯ, ನಿಲ್ಲಲು ಆಗದಿದ್ದರೆ ಕುರ್ಚಿ ಕೇಳು.

"ಅವನು ಎಲ್ಲಿ ನಿಲ್ತಾನೆ?" ಅಂದಳು.

ತೋರಿಸಿದೆ. ಅವಳು ನನ್ನ ಕೈ ಬಿಟ್ಟು ಅಲ್ಲಿಗೆ ಹೋದಳು. ಆ ಜಾಗದಲ್ಲಿ ತಾನೇ ನಿಂತು, ಅಲ್ಲಿಂದ ಕಟಕಟೆ ಎಷ್ಟು ದೂರ ಕಾಣುತ್ತದೆ ಅಂತ ನೋಡಿ ಬಂದಳು.